ಚೀನಾದ ಹಸಿರು ಇಂಧನ: ಕೂಡುವ ಲೆಕ್ಕವೇ, ಕಳೆಯುವ ಲೆಕ್ಕವೇ?

ಚೀನಾದ ಒಳ ಮಂಗೋಲಿಯಾ ಪ್ರದೇಶದಲ್ಲಿ ಕುಬುಚಿ ಎಂಬ ಮರುಭೂಮಿಯಿದೆ. ಅಲ್ಲಿನ ಮರಳಿನ ಮೇಲೆ ಸುಮಾರು ಎರಡು ಲಕ್ಷ ಸೌರಫಲಕಗಳನ್ನು ನಾಗಾಲೋಟದಲ್ಲಿ ಓಡುವ ಕುದುರೆಯ ಆಕಾರದಲ್ಲಿ ಜೋಡಿಸಲಾಗಿದೆ. ಆಕಾಶದಿಂದ ನೋಡಿದರೆ ಮಾತ್ರ ಪೂರ್ತಿಯಾಗಿ ಕಾಣುವ ಈ ಚಿತ್ರ 2019ರಲ್ಲಿ ಗಿನ್ನೆಸ್ ದಾಖಲೆ ಪುಸ್ತಕವನ್ನೂ ಸೇರಿತು. ಚೀನಾದ ಹಸಿರು ಇಂಧನ ಕ್ರಾಂತಿಯ ಬಗ್ಗೆ ಲೇಖನ ಬಂದಾಗಲೆಲ್ಲ ಈ ಕುದುರೆಯ ಚಿತ್ರ ಜೊತೆಗಿರುತ್ತದೆ. ಆದರೆ ಈ ಕುದುರೆ ನಿಂತಿರುವ ನೆಲ ಓರ್ಡೋಸ್ ಎಂಬ ನಗರಾಡಳಿತದ ವ್ಯಾಪ್ತಿಗೆ ಸೇರಿದ್ದು, ಆ ಓರ್ಡೋಸ್ ಚೀನಾದ ಅತಿ ದೊಡ್ಡ ಕಲ್ಲಿದ್ದಲು ಕೇಂದ್ರಗಳಲ್ಲಿ ಒಂದು ಎಂಬ ಸಂಗತಿ ಚಿತ್ರದಲ್ಲಿ ಕಾಣುವುದಿಲ್ಲ. ಒಂದೇ ಆಡಳಿತದ ಅಡಿಯಲ್ಲಿ ಮರಳಿನ ಮೇಲೆ ಸೌರಫಲಕಗಳು ಏಳುತ್ತಿವೆ, ಮಣ್ಣಿನ ಕೆಳಗಿನಿಂದ ಕಲ್ಲಿದ್ದಲು ಹೊರಬರುತ್ತಿದೆ.

ಚೀನಾದ ಕುರಿತ ವಾದ ವಿವಾದಗಳೆಲ್ಲ ಈ ಎರಡು ದೃಶ್ಯಗಳ ನಡುವೆಯೇ ಓಡಾಡುತ್ತವೆ. ಒಂದು ಪಕ್ಷದವರು ಕುದುರೆಯನ್ನು ತೋರಿಸಿ, ಜಗತ್ತನ್ನು ತಾಪಮಾನ ಏರಿಕೆಯಿಂದ ಉಳಿಸಬಲ್ಲ ದೇಶವಿದ್ದರೆ ಅದು ಚೀನಾ ಎನ್ನುತ್ತಾರೆ. ಮತ್ತೊಂದು ಪಕ್ಷದವರು ಗಣಿಯನ್ನು ತೋರಿಸಿ, ಹಸಿರು ಎಂಬುದು ಬರಿಯ ಬಣ್ಣ, ಒಳಗಿರುವುದು ಕಪ್ಪೇ ಎನ್ನುತ್ತಾರೆ. ಎರಡೂ ಕಡೆಯವರು ಹೇಳುವ ಅಂಕಿ ಅಂಶಗಳು ಬಹುಪಾಲು ನಿಜವೇ. ಹಾಗಿದ್ದರೆ ಚೀನಾದ ಹಸಿರು ಓಟದಿಂದ ಹವಾಮಾನಕ್ಕೆ ನಿಜವಾಗಿಯೂ ಲಾಭವಾಗುತ್ತಿದೆಯೇ? ಉತ್ತರ ಹುಡುಕುವ ಮೊದಲು ಲಾಭವನ್ನು ಅಳೆಯುವ ಕೋಲು ಯಾವುದೆಂದು ನಿರ್ಧರಿಸಿಕೊಳ್ಳಬೇಕು.

ವಾತಾವರಣಕ್ಕೆ ಸೌರಫಲಕಗಳ ಎಣಿಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಬಂದು ಸೇರಿತು ಎಂಬುದು. ಒಮ್ಮೆ ಸೇರಿದ ಅನಿಲದ ಗಣನೀಯ ಭಾಗ ಶತಮಾನಗಳ ಕಾಲ ಅಲ್ಲೇ ಉಳಿಯುತ್ತದೆ. ಆದ್ದರಿಂದ ಹೊಸದಾಗಿ ಎಷ್ಟು ಹಸಿರು ವಿದ್ಯುತ್ ಕೂಡಿಕೊಂಡಿತು ಎಂಬುದಕ್ಕಿಂತ, ಅದರಿಂದಾಗಿ ಎಷ್ಟು ಕಲ್ಲಿದ್ದಲು ಕಳೆಯಿತು ಎಂಬುದೇ ಮುಖ್ಯವಾದ ಪ್ರಶ್ನೆ.

ಹಸಿರಿನ ಹಾದಿ ಹಿಡಿದದ್ದು ಏಕೆ?

ಚೀನಾ ಹಸಿರು ಇಂಧನದತ್ತ ತಿರುಗಿದ್ದು ಹವಾಮಾನದ ಮೇಲಿನ ಕಾಳಜಿಯಿಂದಷ್ಟೇ ಅಲ್ಲ. ಅದರ ನವೀಕರಿಸಬಹುದಾದ ಇಂಧನ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಜನವರಿಯಿಂದ ಜಾರಿಗೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಚೀನಾ ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಇಂಗಾಲ ಹೊರಸೂಸುವ ದೇಶವೆನಿಸಿತು. ಆದರೆ ಬೀಜಿಂಗ್‌ನ ಆಡಳಿತಗಾರರನ್ನು ಹೆಚ್ಚು ಕಾಡಿದ್ದು ಕಣ್ಣಿಗೆ ಕಾಣುವ ಬೇರೆ ಸಮಸ್ಯೆಗಳು.

ಮೊದಲನೆಯದು ಉಸಿರಾಡುವ ಗಾಳಿ. 2013ರ ಜನವರಿಯಲ್ಲಿ ಬೀಜಿಂಗ್ ನಗರವನ್ನು ದಿನಗಟ್ಟಲೆ ಹೊಗೆಮಂಜು ಮುಸುಕಿತು. ಮುಖಗವಸು ಇಲ್ಲದೆ ಹೊರಬರಲು ಜನ ಹೆದರಿದರು. ಅದೇ ವರ್ಷ ವಾಯುಮಾಲಿನ್ಯ ತಡೆಗೆ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟವಾಯಿತು. 2014ರಲ್ಲಿ ಅಂದಿನ ಪ್ರಧಾನಿ ಲಿ ಕೆಚಿಯಾಂಗ್ ಮಾಲಿನ್ಯದ ವಿರುದ್ಧ ಸಮರ ಸಾರಿದರು. ಎರಡನೆಯದು ಇಂಧನ ಭದ್ರತೆ. ಚೀನಾ ಬಳಸುವ ಕಚ್ಚಾ ತೈಲದಲ್ಲಿ ಶೇ. 70ಕ್ಕಿಂತ ಹೆಚ್ಚು ಆಮದಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಕಿರಿದಾದ ಮಲಾಕ್ಕಾ ಜಲಸಂಧಿಯ ಮೂಲಕ ಹಾದುಬರಬೇಕು. ಬಿಸಿಲು ಮತ್ತು ಗಾಳಿಗೆ ಹಡಗು ಬೇಕಿಲ್ಲ, ಅವನ್ನು ಯಾರೂ ದಾರಿಯಲ್ಲಿ ತಡೆಯಲಾರರು. ಮೂರನೆಯದು ಉದ್ಯಮ. ಪೆಟ್ರೋಲ್ ಕಾರು ತಯಾರಿಕೆಯಲ್ಲಿ ಜರ್ಮನಿ, ಜಪಾನ್‌ಗಳನ್ನು ಮೀರಿಸುವುದು ಕಷ್ಟವಾಗಿತ್ತು. ಬ್ಯಾಟರಿ, ಸೌರಫಲಕ, ವಿದ್ಯುತ್ ಕಾರುಗಳಲ್ಲಿ ಎಲ್ಲರೂ ಆಗಷ್ಟೇ ಓಟ ಆರಂಭಿಸಿದ್ದರು.

ಉದ್ದೇಶ ಶುದ್ಧವಲ್ಲದಿದ್ದರೆ ಫಲವೂ ಶುದ್ಧವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಹವಾಮಾನದ ವಿಷಯದಲ್ಲಿ ಈ ವಾದಕ್ಕೆ ಹೆಚ್ಚು ಬಲವಿಲ್ಲ. ಸ್ವಾರ್ಥಕ್ಕಾಗಿ ಉಳಿಸಿದ ಒಂದು ಟನ್ ಕಲ್ಲಿದ್ದಲು ಮತ್ತು ಪರಮಾರ್ಥಕ್ಕಾಗಿ ಉಳಿಸಿದ ಒಂದು ಟನ್ ಕಲ್ಲಿದ್ದಲು, ಎರಡರಿಂದಲೂ ಆಕಾಶಕ್ಕೆ ಸಿಗುವ ಲಾಭ ಒಂದೇ. ಅಷ್ಟೇ ಅಲ್ಲ, ಸ್ವಾರ್ಥದ ಮೇಲೆ ನಿಂತ ನೀತಿ ಸರಕಾರದ ಮನಸ್ಸು ಬದಲಾದ ಕೂಡಲೇ ಕುಸಿಯುವುದೂ ಇಲ್ಲ.

ದಂಗುಬಡಿಸುವ ವೇಗ

2020ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ವಿಶ್ವಸಂಸ್ಥೆಯ ಮಹಾಧಿವೇಶನದಲ್ಲಿ ಎರಡು ಭರವಸೆ ನೀಡಿದರು. 2030ಕ್ಕೆ ಮೊದಲು ಚೀನಾದ ಇಂಗಾಲ ಹೊರಸೂಸುವಿಕೆ ಗರಿಷ್ಠ ಮಟ್ಟ ಮುಟ್ಟಿ ಇಳಿಯಲು ಆರಂಭಿಸುತ್ತದೆ ಎಂಬುದು ಒಂದು. 2060ಕ್ಕೆ ಮೊದಲು ಹೊರಸೂಸುವಷ್ಟನ್ನೇ ಹೀರಿಕೊಳ್ಳುವ ಸಮತೋಲನ ಸಾಧಿಸುತ್ತೇವೆ ಎಂಬುದು ಇನ್ನೊಂದು. ಅದೇ ವರ್ಷದ ಡಿಸೆಂಬರ್‌ನಲ್ಲಿ, 2030ರ ಹೊತ್ತಿಗೆ ಪವನ ಮತ್ತು ಸೌರ ವಿದ್ಯುತ್ ಸಾಮರ್ಥ್ಯವನ್ನು 12 ಲಕ್ಷ ಮೆಗಾವಾಟ್‌ಗೆ ಏರಿಸುವ ಗುರಿ ಪ್ರಕಟವಾಯಿತು. ಆ ಗುರಿಯನ್ನು ಚೀನಾ 2024ರ ಜುಲೈನಲ್ಲೇ, ಅಂದರೆ ಸುಮಾರು ಆರು ವರ್ಷ ಮೊದಲೇ ದಾಟಿತು.

ಈ ವೇಗ ಎಂಥದ್ದೆಂದು ತಿಳಿಯಲು ನಮ್ಮ ದೇಶದೊಂದಿಗೆ ಹೋಲಿಸಬಹುದು. 2024ರ ಅಂತ್ಯಕ್ಕೆ ಇಡೀ ಭಾರತದ ಸೌರ ವಿದ್ಯುತ್ ಸಾಮರ್ಥ್ಯ ಸುಮಾರು 98 ಸಾವಿರ ಮೆಗಾವಾಟ್ ಇತ್ತು. ಚೀನಾ ಆ ಒಂದೇ ವರ್ಷದಲ್ಲಿ ಹೊಸದಾಗಿ ಸೇರಿಸಿದ ಸೌರ ಸಾಮರ್ಥ್ಯ ಸುಮಾರು 2.77 ಲಕ್ಷ ಮೆಗಾವಾಟ್. 2025ರ ಮೇ ತಿಂಗಳೊಂದರಲ್ಲೇ ಅದು ಸುಮಾರು 93 ಸಾವಿರ ಮೆಗಾವಾಟ್ ಸೇರಿಸಿತು. ಆ ತಿಂಗಳ ನೂಕುನುಗ್ಗಲಿಗೆ ಕಾರಣವೂ ಇತ್ತು. ಜೂನ್ 1ರಿಂದ ಹೊಸ ಯೋಜನೆಗಳಿಗೆ ಸರಕಾರ ನಿಗದಿಪಡಿಸಿದ ದರ ಹೋಗಿ ಮಾರುಕಟ್ಟೆಯ ದರ ಬರುವುದಿತ್ತು. ಗಡುವಿಗೆ ಮೊದಲೇ ಮುಗಿಸಿಬಿಡಲು ಎಲ್ಲರೂ ಧಾವಿಸಿದರು. ಜೂನ್‌ನಲ್ಲಿ ಹೊಸ ಜೋಡಣೆ ಸುಮಾರು 14 ಸಾವಿರ ಮೆಗಾವಾಟ್‌ಗೆ ಕುಸಿಯಿತು. ವೇಗದ ಹಿಂದೆ ನೀತಿಯ ಕೈ ಎಷ್ಟಿದೆ ಎಂಬುದಕ್ಕೆ ಈ ಎರಡು ತಿಂಗಳುಗಳೇ ಸಾಕ್ಷಿ.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ

ಇಲ್ಲಿ ಓದುಗರು ಒಂದು ಎಚ್ಚರ ವಹಿಸಬೇಕು. ಮೆಗಾವಾಟ್ ಎಂಬುದು ಸಾಮರ್ಥ್ಯದ ಅಳತೆ, ಉತ್ಪಾದನೆಯದಲ್ಲ. ಸೌರಫಲಕ ರಾತ್ರಿ ಮಲಗುತ್ತದೆ, ಮೋಡ ಕವಿದಾಗ ಮಂಕಾಗುತ್ತದೆ. ಗಾಳಿಯಂತ್ರ ಗಾಳಿಗಾಗಿ ಕಾಯುತ್ತದೆ. ಒಂದು ಸಾವಿರ ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ವರ್ಷದಲ್ಲಿ ನೀಡಬಲ್ಲಷ್ಟು ವಿದ್ಯುತ್ತನ್ನು ಅಷ್ಟೇ ಸಾಮರ್ಥ್ಯದ ಸೌರ ಸ್ಥಾವರ ನೀಡಲಾರದು. 2024ರಲ್ಲಿ ಚೀನಾದ ಒಟ್ಟು ವಿದ್ಯುತ್ ಉತ್ಪಾದನೆಯಲ್ಲಿ ಗಾಳಿ ಮತ್ತು ಬಿಸಿಲಿನ ಪಾಲು ಸುಮಾರು ಶೇ. 18 ಮಾತ್ರ. ಕಲ್ಲಿದ್ದಲಿನ ಪಾಲು ಸುಮಾರು ಶೇ. 58.

ಉತ್ಪಾದನೆಯಾದ ವಿದ್ಯುತ್ ಬಳಕೆದಾರನಿಗೆ ತಲುಪುವುದು ಇನ್ನೊಂದು ಮಾತು. ಚೀನಾದ ಗಾಳಿ, ಬಿಸಿಲು ಹೆಚ್ಚಿರುವುದು ಪಶ್ಚಿಮ ಮತ್ತು ಉತ್ತರದ ಬಯಲುಗಳಲ್ಲಿ. ಕಾರ್ಖಾನೆಗಳು, ಮಹಾನಗರಗಳು ಇರುವುದು ಪೂರ್ವ ಕರಾವಳಿಯಲ್ಲಿ. ಕಳೆದ ದಶಕದಲ್ಲಿ ಗಾನ್ಸು ಪ್ರಾಂತ್ಯದ ಜಿಯುಕ್ವಾನ್ ಬಳಿ ಸಾವಿರಾರು ಗಾಳಿಯಂತ್ರಗಳು ತಲೆಯೆತ್ತಿದವು. ಆದರೆ ವಿದ್ಯುತ್ ಸಾಗಿಸಲು ಸಾಕಷ್ಟು ಪ್ರಸರಣ ಮಾರ್ಗಗಳಿರಲಿಲ್ಲ. 2016ರಲ್ಲಿ ಗಾನ್ಸುವಿನಲ್ಲಿ ಪಡೆಯಬಹುದಾಗಿದ್ದ ಪವನ ವಿದ್ಯುತ್ತಿನಲ್ಲಿ ಶೇ. 40ಕ್ಕಿಂತ ಹೆಚ್ಚು ಬಳಕೆಯಾಗದೆ ವ್ಯರ್ಥವಾಯಿತು. ಗಾಳಿ ಬೀಸುತ್ತಿದ್ದರೂ ಯಂತ್ರಗಳನ್ನು ನಿಲ್ಲಿಸಬೇಕಾಯಿತು. ಅದೇ ಪ್ರಾಂತ್ಯದಲ್ಲಿ ಕಲ್ಲಿದ್ದಲು ಸ್ಥಾವರಗಳು ಮಾತ್ರ ಎಂದಿನಂತೆ ಉರಿಯುತ್ತಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಚೀನಾ ಈ ದೋಷವನ್ನು ಬಹುಮಟ್ಟಿಗೆ ತಿದ್ದಿಕೊಂಡಿತು ಎಂಬುದನ್ನೂ ಹೇಳಬೇಕು. ಜಿಯುಕ್ವಾನ್‌ನಿಂದ ಹುನಾನ್ ಪ್ರಾಂತ್ಯಕ್ಕೆ 800 ಕಿಲೋವೋಲ್ಟ್‌ನ ಅತ್ಯಧಿಕ ವೋಲ್ಟೇಜ್ ಮಾರ್ಗ 2017ರಲ್ಲಿ ಸಿದ್ಧವಾಯಿತು. ಷಿನ್‌ಜಿಯಾಂಗ್‌ನಿಂದ ಪೂರ್ವದ ಅನ್‌ಹುಯಿ ಪ್ರಾಂತ್ಯದವರೆಗೆ ಸುಮಾರು 3,300 ಕಿಲೋಮೀಟರ್ ಉದ್ದದ 1,100 ಕಿಲೋವೋಲ್ಟ್ ಮಾರ್ಗ 2019ರಲ್ಲಿ ಆರಂಭವಾಯಿತು. ವ್ಯರ್ಥವಾಗುವ ಪ್ರಮಾಣ ದೇಶದಾದ್ಯಂತ ಬಹಳಷ್ಟು ಇಳಿಯಿತು. ಆದರೆ ಈ ಮಾರ್ಗಗಳಲ್ಲಿ ಹರಿಯುವುದೆಲ್ಲ ಹಸಿರು ವಿದ್ಯುತ್ತೇ ಅಲ್ಲ. ಮಾರ್ಗ ಸದಾ ತುಂಬಿರಬೇಕೆಂಬ ಕಾರಣಕ್ಕೆ ಮರುಭೂಮಿಯ ಬೃಹತ್ ಯೋಜನೆಗಳ ಪಕ್ಕದಲ್ಲೇ ಕಲ್ಲಿದ್ದಲು ಸ್ಥಾವರಗಳನ್ನೂ ಕಟ್ಟಲಾಗುತ್ತಿದೆ.

ಹೊಸ ಒಲೆ ಬಂತು, ಹಳೆಯ ಒಲೆ ಆರಲಿಲ್ಲ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. 2010ರಲ್ಲಿ ಚೀನಾದ ವಾರ್ಷಿಕ ವಿದ್ಯುತ್ ಉತ್ಪಾದನೆ ಸುಮಾರು 4.2 ಲಕ್ಷ ಕೋಟಿ ಯೂನಿಟ್. 2024ರ ಹೊತ್ತಿಗೆ ಅದು ಸುಮಾರು 10 ಲಕ್ಷ ಕೋಟಿ ಯೂನಿಟ್ ತಲುಪಿತು. ಈ ಅವಧಿಯಲ್ಲಿ ಕಲ್ಲಿದ್ದಲಿನ ಪಾಲು ಮುಕ್ಕಾಲು ಭಾಗಕ್ಕಿಂತ ಹೆಚ್ಚಿದ್ದದ್ದು ಶೇ. 58ಕ್ಕೆ ಇಳಿಯಿತು. ಶೇಕಡಾವಾರು ನೋಡಿದರೆ ದೊಡ್ಡ ಸಾಧನೆ. ಆದರೆ ಒಟ್ಟು ಮೊತ್ತವೇ ಎರಡೂವರೆ ಪಟ್ಟಿನ ಸಮೀಪಕ್ಕೆ ಬೆಳೆದದ್ದರಿಂದ ಕಲ್ಲಿದ್ದಲಿನಿಂದ ತೆಗೆದ ವಿದ್ಯುತ್ ಕಡಿಮೆಯಾಗಲಿಲ್ಲ. ಸುಮಾರು 3.2 ಲಕ್ಷ ಕೋಟಿ ಯೂನಿಟ್‌ನಿಂದ 5.8 ಲಕ್ಷ ಕೋಟಿ ಯೂನಿಟ್‌ನ ಆಸುಪಾಸಿಗೆ ಏರಿತು.

ಇದನ್ನು ಒಂದು ದೊಡ್ಡ ಕುಟುಂಬದ ಅಡುಗೆಮನೆಗೆ ಹೋಲಿಸಬಹುದು. ಸೌದೆ ಒಲೆಯ ಜೊತೆಗೆ ಗ್ಯಾಸ್ ಒಲೆ ಬಂತು. ಆದರೆ ಪ್ರತಿವರ್ಷ ಮನೆಗೆ ಹೊಸಬರು ಸೇರುತ್ತಲೇ ಇದ್ದಾರೆ. ಗ್ಯಾಸ್ ಒಲೆಯ ಅಡುಗೆ ಹೊಸಬರಿಗೇ ಸಾಲದು. ಹಳೆಯ ಸೌದೆ ಒಲೆ ಆರುವ ಬದಲು ಇನ್ನಷ್ಟು ಹೊತ್ತು ಉರಿಯುತ್ತದೆ. ಗ್ಯಾಸ್ ಒಲೆ ಬಾರದಿದ್ದರೆ ಹೊಗೆ ಇನ್ನೂ ಹೆಚ್ಚುತ್ತಿತ್ತು ಎಂಬುದು ನಿಜ. ಮನೆಯಲ್ಲಿ ಹೊಗೆ ಕಡಿಮೆಯಾಗಲಿಲ್ಲ ಎಂಬುದೂ ಅಷ್ಟೇ ನಿಜ. ಕಳೆದ ದಶಕದ ಚೀನಾದ ಕಥೆ ಇದೇ. ಅದು ಕೂಡುವ ಲೆಕ್ಕವಾಗಿತ್ತು, ಕಳೆಯುವ ಲೆಕ್ಕವಾಗಿರಲಿಲ್ಲ. ಇಂದಿಗೂ ಜಗತ್ತಿನಲ್ಲಿ ಬಳಕೆಯಾಗುವ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಡುವುದು ಚೀನಾ ಒಂದೇ.

ಕಲ್ಲಿದ್ದಲಿನ ಮೋಹ ಬಿಡದೇಕೆ?

ಇಷ್ಟೆಲ್ಲ ಬಿಸಿಲು ಗಾಳಿ ಇರುವಾಗ ಹೊಸ ಕಲ್ಲಿದ್ದಲು ಸ್ಥಾವರಗಳೇಕೆ? ಉತ್ತರ ಎರಡು ವರ್ಷಗಳ ಕಹಿ ನೆನಪಿನಲ್ಲಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಗಗನಕ್ಕೇರಿತು. ವಿದ್ಯುತ್ ದರಕ್ಕೆ ಸರಕಾರದ ಮಿತಿ ಇದ್ದುದರಿಂದ ಸ್ಥಾವರಗಳಿಗೆ ವಿದ್ಯುತ್ ಉತ್ಪಾದಿಸಿದಷ್ಟೂ ನಷ್ಟ. ಹಲವಾರು ಪ್ರಾಂತ್ಯಗಳಲ್ಲಿ ವಿದ್ಯುತ್ ಕಡಿತ ಜಾರಿಯಾಯಿತು, ಕಾರ್ಖಾನೆಗಳು ನಿಂತವು. ಈಶಾನ್ಯ ಭಾಗದಲ್ಲಿ ಮನೆಗಳು, ರಸ್ತೆಯ ಸಂಚಾರ ದೀಪಗಳು ಕೂಡ ಕತ್ತಲಾದವು. ಮರುವರ್ಷ, 2022ರ ಆಗಸ್ಟ್‌ನಲ್ಲಿ, ಸಿಚುವಾನ್ ಪ್ರಾಂತ್ಯವನ್ನು ಭೀಕರ ಬರ ಮತ್ತು ಬಿಸಿಗಾಳಿ ಕಾಡಿದವು. ಆ ಪ್ರಾಂತ್ಯದ ವಿದ್ಯುತ್ತಿನ ಸುಮಾರು ಶೇ. 80ರಷ್ಟು ಬರುವುದು ನದಿಗಳಿಂದ. ನದಿಗಳು ಬತ್ತಿದವು. ಅಣೆಕಟ್ಟುಗಳ ನಾಡಿನಲ್ಲೇ ಕಾರ್ಖಾನೆಗಳಿಗೆ ಬೀಗ ಬಿತ್ತು. ಹವಾಮಾನ ಬದಲಾವಣೆಯ ಹೊಡೆತ ತಿಂದ ಆಡಳಿತ ಹವಾಮಾನವನ್ನು ಇನ್ನಷ್ಟು ಕೆಡಿಸುವ ಕಲ್ಲಿದ್ದಲಿನ ಮೊರೆಹೊಕ್ಕದ್ದು ವಿಪರ್ಯಾಸ.

ಆ ಬಳಿಕ ಅನುಮತಿಗಳ ಮಹಾಪೂರವೇ ಹರಿಯಿತು. 2022ರಲ್ಲಿ ಸರಾಸರಿ ವಾರಕ್ಕೆ ಎರಡು ದೊಡ್ಡ ಸ್ಥಾವರಗಳಷ್ಟು ಕಲ್ಲಿದ್ದಲು ಸಾಮರ್ಥ್ಯಕ್ಕೆ ಅನುಮತಿ ದೊರೆಯಿತು. 2024ರಲ್ಲಿ ಕಾಮಗಾರಿ ಆರಂಭವಾದ ಕಲ್ಲಿದ್ದಲು ಸ್ಥಾವರಗಳ ಒಟ್ಟು ಸಾಮರ್ಥ್ಯ 94 ಸಾವಿರ ಮೆಗಾವಾಟ್ ಮೀರಿತು. 2015ರ ನಂತರ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಾಮಗಾರಿ ಆರಂಭವಾದದ್ದು ಅದೇ ಮೊದಲು.

ಸರಕಾರ ಕೊಡುವ ಸಮಜಾಯಿಷಿ ಹೀಗಿದೆ: ಈ ಸ್ಥಾವರಗಳು ಸದಾ ಉರಿಯಲು ಅಲ್ಲ, ಬಿಸಿಲು ಗಾಳಿ ಕೈಕೊಟ್ಟಾಗ ಆಪತ್ತಿಗೆ ಒದಗಲು. ಅದಕ್ಕಾಗಿ 2024ರ ಜನವರಿಯಿಂದ, ವಿದ್ಯುತ್ ಉತ್ಪಾದಿಸದೆ ಸಿದ್ಧವಾಗಿ ನಿಂತಿದ್ದಕ್ಕೂ ಕಲ್ಲಿದ್ದಲು ಸ್ಥಾವರಗಳಿಗೆ ಹಣ ಕೊಡುವ ವ್ಯವಸ್ಥೆ ಜಾರಿಗೆ ಬಂದಿದೆ. ತಾಂತ್ರಿಕವಾಗಿ ಈ ವಾದವನ್ನು ತಳ್ಳಿಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ಗಂಟೆ ಉರಿಯುವ ಸ್ಥಾವರದಿಂದ ಹೊಗೆಯೂ ಕಡಿಮೆಯೇ. ಆದರೆ ಅನುಭವ ಹೇಳುವುದು ಬೇರೆ. ಕೋಟಿಗಟ್ಟಲೆ ಸಾಲ ಮಾಡಿ ಕಟ್ಟಿದ ಸ್ಥಾವರವನ್ನು ಸುಮ್ಮನೆ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ಹತ್ತಾರು ವರ್ಷ ಬಾಳುವ ಆಸ್ತಿಯನ್ನು ಅವಧಿಗೆ ಮೊದಲೇ ಮುಚ್ಚಿದರೆ ನಷ್ಟ ಹೊರುವವರು ಯಾರು? ಶಾನ್ಸಿಯಂಥ ಪ್ರಾಂತ್ಯಗಳಲ್ಲಿ ಉದ್ಯೋಗ, ತೆರಿಗೆ, ಸ್ಥಳೀಯ ಅಧಿಕಾರಿಗಳ ಪ್ರತಿಷ್ಠೆ ಎಲ್ಲವೂ ಕಲ್ಲಿದ್ದಲನ್ನೇ ನೆಚ್ಚಿಕೊಂಡಿವೆ. ದೇಶದ ಕಾಲುಭಾಗಕ್ಕಿಂತ ಹೆಚ್ಚು ಕಲ್ಲಿದ್ದಲು ತೆಗೆಯುವ ಆ ಪ್ರಾಂತ್ಯದ ಗಣಿ ಕಾರ್ಮಿಕನಿಗೆ ಮರುಭೂಮಿಯ ಸೌರಫಲಕ ನಾಳೆಯ ಅನ್ನದ ಭರವಸೆ ಕೊಡುವುದಿಲ್ಲ.

ಕಳೆಯುವ ಲೆಕ್ಕ ಶುರುವಾಯಿತೇ?

ಆದರೂ 2025ರಲ್ಲಿ ಗಮನಾರ್ಹವಾದ ಬದಲಾವಣೆಯೊಂದು ಕಂಡುಬಂತು. ಆ ವರ್ಷದ ಮೊದಲ ಆರು ತಿಂಗಳಲ್ಲಿ ಚೀನಾದ ವಿದ್ಯುತ್ ಬಳಕೆ ಶೇ. 3.7ರಷ್ಟು ಏರಿತು. ಆದರೆ ಶಾಖೋತ್ಪನ್ನ ಸ್ಥಾವರಗಳ ಉತ್ಪಾದನೆ ಶೇ. 2.4ರಷ್ಟು ಇಳಿಯಿತು. ಅಂದರೆ ಹೊಸ ಬೇಡಿಕೆಯನ್ನೆಲ್ಲ ಪೂರೈಸಿದ ಮೇಲೂ ಹಸಿರು ವಿದ್ಯುತ್ ಮಿಕ್ಕಿತು, ಆ ಮಿಕ್ಕಿದ್ದು ಕಲ್ಲಿದ್ದಲನ್ನು ಕದಲಿಸಿತು. ಏಪ್ರಿಲ್ ತಿಂಗಳಲ್ಲಿ ಗಾಳಿ ಮತ್ತು ಬಿಸಿಲಿನ ಪಾಲು ಒಟ್ಟು ಉತ್ಪಾದನೆಯ ಕಾಲುಭಾಗವನ್ನು ದಾಟಿತು. ಸ್ವತಂತ್ರ ವಿಶ್ಲೇಷಕರ ಅಂದಾಜಿನ ಪ್ರಕಾರ 2025ರ ಮೊದಲ ತ್ರೈಮಾಸಿಕದಲ್ಲಿ ದೇಶದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 1.6ರಷ್ಟು ಕಡಿಮೆಯಾಯಿತು.

ಇಳಿಕೆ ಸಣ್ಣದು, ಆದರೆ ಅದರ ಗುಣ ಹೊಸದು. ಈ ಹಿಂದೆಯೂ ಚೀನಾದಲ್ಲಿ ಹೊರಸೂಸುವಿಕೆ ಇಳಿದದ್ದುಂಟು. ಆಗೆಲ್ಲ ಕಾರಣ ಆರ್ಥಿಕ ಹಿಂಜರಿತ ಅಥವಾ ಕೋವಿಡ್ ದಿಗ್ಬಂಧನ. ಈ ಬಾರಿ ವಿದ್ಯುತ್ ಬೇಡಿಕೆ ಏರುತ್ತಿರುವಾಗಲೇ ಹೊಗೆ ಇಳಿಯಿತು. ಜ್ವರ ಇಳಿಸುವ ಮಾತ್ರೆ ನುಂಗಿ ತಾಪ ತಗ್ಗುವುದಕ್ಕೂ ರೋಗವೇ ವಾಸಿಯಾಗಿ ತಾಪ ತಗ್ಗುವುದಕ್ಕೂ ಇರುವ ವ್ಯತ್ಯಾಸ ಇದು.

ಆದರೆ ರೋಗ ಪೂರ್ತಿ ವಾಸಿಯಾಯಿತೆಂದು ಹೇಳುವ ಕಾಲ ಬಂದಿಲ್ಲ. ಇಳಿಕೆಯಲ್ಲಿ ಒಂದು ಪಾಲು ಹಸಿರು ಇಂಧನದ್ದಲ್ಲ. 2021ರಿಂದ ಕುಸಿದಿರುವ ರಿಯಲ್ ಎಸ್ಟೇಟ್ ಉದ್ಯಮದಿಂದಾಗಿ ಸಿಮೆಂಟ್ ಮತ್ತು ಉಕ್ಕಿನ ಬೇಡಿಕೆ ತಗ್ಗಿದ್ದೂ ಇದರಲ್ಲಿ ಸೇರಿದೆ. ಇನ್ನೊಂದು ಕಡೆ ಕಲ್ಲಿದ್ದಲನ್ನೇ ಕಚ್ಚಾವಸ್ತುವಾಗಿ ಬಳಸಿ ಪ್ಲಾಸ್ಟಿಕ್, ರಾಸಾಯನಿಕಗಳನ್ನು ತಯಾರಿಸುವ ಉದ್ಯಮ ಬೆಳೆಯುತ್ತಿದೆ. ವಿದ್ಯುತ್ ಕ್ಷೇತ್ರದಲ್ಲಿ ಉಳಿಸಿದ್ದು ರಾಸಾಯನಿಕ ಕ್ಷೇತ್ರದಲ್ಲಿ ಖರ್ಚಾದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದೀತು.

ಫಲಕದ ಹಿಂದಿನ ಹೊಗೆ, ಹಸಿರಿನ ಬೆಲೆ

ಸೌರಫಲಕ ತಯಾರಿಸಲು ಬಳಸುವ ವಿದ್ಯುತ್ತೇ ಕಲ್ಲಿದ್ದಲಿನಿಂದ ಬರುವಾಗ ಅದು ಹಸಿರು ಹೇಗಾಯಿತು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಮರಳಿನಿಂದ ಪಾಲಿಸಿಲಿಕಾನ್ ತೆಗೆಯಲು ಅಪಾರ ಶಾಖ ಮತ್ತು ವಿದ್ಯುತ್ ಬೇಕು. ಆ ಕಾರ್ಖಾನೆಗಳಲ್ಲಿ ಅನೇಕವು ಅಗ್ಗದ ಕಲ್ಲಿದ್ದಲು ವಿದ್ಯುತ್ ಸಿಗುವ ಷಿನ್‌ಜಿಯಾಂಗ್, ಒಳ ಮಂಗೋಲಿಯಾಗಳಲ್ಲಿವೆ. ಆದರೆ ಲೆಕ್ಕ ಹಾಕಿದರೆ ಫಲಕವೇ ಗೆಲ್ಲುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿಯ ಪ್ರಕಾರ, ತಯಾರಿಕೆಯ ವೇಳೆ ಹೊರಬಿದ್ದ ಇಂಗಾಲವನ್ನು ಸರಿದೂಗಿಸಲು ಒಂದು ಫಲಕಕ್ಕೆ 4ರಿಂದ 8 ತಿಂಗಳು ಸಾಕು. ಫಲಕದ ಆಯುಷ್ಯವಾದರೋ 25 ವರ್ಷಕ್ಕೂ ಹೆಚ್ಚು. ಮೊದಲ ವರ್ಷದೊಳಗೆ ಸಾಲ ತೀರಿಸಿ ಉಳಿದ ಕಾಲವೆಲ್ಲ ಗಳಿಸಿಕೊಡುವ ವ್ಯವಹಾರವಿದು.

ಇಂಗಾಲದ ಲೆಕ್ಕಕ್ಕೆ ಸಿಗದ ಬೆಲೆ ಬೇರೆಯೇ ಇದೆ. ಷಿನ್‌ಜಿಯಾಂಗ್‌ನಲ್ಲಿ ಉಯ್ಘರ್ ಸಮುದಾಯದವರನ್ನು ಬಲವಂತದ ದುಡಿಮೆಗೆ ದೂಡಲಾಗುತ್ತಿದೆ ಎಂಬ ಗಂಭೀರ ಆರೋಪದ ಮೇಲೆ ಅಮೆರಿಕ 2021ರ ಡಿಸೆಂಬರ್‌ನಲ್ಲಿ ಕಾಯ್ದೆ ತಂದು, 2022ರ ಜೂನ್‌ನಿಂದ ಆ ಪ್ರದೇಶದ ಸರಕುಗಳ ಆಮದಿಗೆ ತಡೆಯೊಡ್ಡಿತು. ಪಾಲಿಸಿಲಿಕಾನ್ ಕೂಡ ಅದರ ಕಣ್ಗಾವಲಿನಲ್ಲಿದೆ. ಚೀನಾ ಈ ಆರೋಪವನ್ನು ನಿರಾಕರಿಸುತ್ತ ಬಂದಿದೆ. ಇನ್ನು ಜಲವಿದ್ಯುತ್. 2025ರ ಜುಲೈನಲ್ಲಿ ಟಿಬೆಟ್‌ನ ಯಾರ್ಲುಂಗ್ ಸಾಂಗ್ಪೊ ನದಿಯ ಕೆಳದಂಡೆಯಲ್ಲಿ ಸುಮಾರು 1.2 ಲಕ್ಷ ಕೋಟಿ ಯುವಾನ್ ವೆಚ್ಚದ ಯೋಜನೆಗೆ ಪ್ರಧಾನಿ ಲಿ ಚಿಯಾಂಗ್ ಚಾಲನೆ ನೀಡಿದರು. ವರ್ಷಕ್ಕೆ ಸುಮಾರು 30 ಸಾವಿರ ಕೋಟಿ ಯೂನಿಟ್ ವಿದ್ಯುತ್ ನೀಡಲಿರುವ ಈ ಯೋಜನೆ ತ್ರೀ ಗಾರ್ಜಸ್ ಅಣೆಕಟ್ಟನ್ನೂ ಬಹುದೂರ ಮೀರಿಸಲಿದೆ. ಅದೇ ನದಿ ಅರುಣಾಚಲದಲ್ಲಿ ಸಿಯಾಂಗ್ ಆಗಿ, ಅಸ್ಸಾಂನಲ್ಲಿ ಬ್ರಹ್ಮಪುತ್ರವಾಗಿ ಹರಿಯುತ್ತದೆ. ಮೇಲಿನವರ ಹಸಿರು ವಿದ್ಯುತ್ತು ಕೆಳಗಿನ ರೈತರ, ಬೆಸ್ತರ ನೆಮ್ಮದಿ ಕೆಡಿಸಬಾರದು ಎಂಬ ಭಾರತ, ಬಾಂಗ್ಲಾದೇಶಗಳ ಆತಂಕ ಸಹಜವಾದದ್ದು.

ಗಡಿಯಾಚೆಗೆ ದಕ್ಕಿದ ಲಾಭ

ಚೀನಾದ ಹಸಿರು ಓಟದಿಂದ ಹವಾಮಾನಕ್ಕಾದ ಅತಿ ದೊಡ್ಡ ಉಪಕಾರ ಬಹುಶಃ ಚೀನಾದ ಒಳಗಿಲ್ಲ, ಹೊರಗಿದೆ. ಸೌರಫಲಕದ ಬೆಲೆ 2010ರ ದಶಕದಲ್ಲಿ ಸುಮಾರು ಶೇ. 90ರಷ್ಟು ಕುಸಿಯಿತು. ಈ ತಂತ್ರಜ್ಞಾನ ಹುಟ್ಟಿದ್ದು ಅಮೆರಿಕದ ಪ್ರಯೋಗಾಲಯದಲ್ಲಿ, ಅದಕ್ಕೆ ಮೊದಲ ದೊಡ್ಡ ಮಾರುಕಟ್ಟೆ ಒದಗಿಸಿದ್ದು ಜರ್ಮನಿ. ಆದರೆ ಬೃಹತ್ ಪ್ರಮಾಣದಲ್ಲಿ ತಯಾರಿಸಿ ಬಡ ದೇಶಗಳ ಕೈಗೂ ಎಟಕುವಂತೆ ಮಾಡಿದ್ದು ಚೀನಾ. ಇಂದು ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಅದರ ಪಾಲು ಶೇ. 80ಕ್ಕಿಂತ ಹೆಚ್ಚು. ಬೆಲೆ ಎಷ್ಟು ಕುಸಿಯಿತೆಂದರೆ 2024ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳೇ ಭಾರೀ ನಷ್ಟ ಅನುಭವಿಸಿದವು. ಅವರ ನಷ್ಟ ಕೊಳ್ಳುವವರಿಗೆ ಲಾಭವಾಯಿತು. ದುಬಾರಿ ವಿದ್ಯುತ್ ದರದಿಂದ ಬಸವಳಿದಿದ್ದ ಪಾಕಿಸ್ತಾನದ ಜನ 2024ರಲ್ಲಿ ಸುಮಾರು 17 ಸಾವಿರ ಮೆಗಾವಾಟ್ ಸಾಮರ್ಥ್ಯದ ಚೀನೀ ಫಲಕಗಳನ್ನು ತರಿಸಿಕೊಂಡು ಮನೆ, ಕಾರ್ಖಾನೆ, ಹೊಲಗಳಲ್ಲಿ ಹಾಕಿಸಿಕೊಂಡರು.

ನಮ್ಮ ಅನುಭವವೂ ಇದಕ್ಕೆ ಹೊರತಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆ ಒಣಭೂಮಿಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ತಲೆಯೆತ್ತಿದ್ದು ಕಳೆದ ದಶಕದ ಕೊನೆಯಲ್ಲಿ. ಆ ದಶಕದಲ್ಲಿ ಭಾರತ ಆಮದು ಮಾಡಿಕೊಂಡ ಫಲಕಗಳಲ್ಲಿ ಸಿಂಹಪಾಲು ಚೀನಾದ್ದು. ಸೌರ ವಿದ್ಯುತ್ ದರ ದೇಶದಲ್ಲಿ ಕಲ್ಲಿದ್ದಲು ವಿದ್ಯುತ್ತಿಗಿಂತ ಕೆಳಗಿಳಿಯಲು ಆ ಅಗ್ಗದ ಫಲಕಗಳೇ ಮುಖ್ಯ ಕಾರಣ. ಅತಿಯಾದ ಅವಲಂಬನೆ ಅಪಾಯವೆಂದು ಮನಗಂಡ ಕೇಂದ್ರ ಸರಕಾರ 2022ರ ಏಪ್ರಿಲ್‌ನಲ್ಲಿ ಆಮದು ಫಲಕಗಳ ಮೇಲೆ ಶೇ. 40, ಕೋಶಗಳ ಮೇಲೆ ಶೇ. 25 ಮೂಲ ಸುಂಕ ವಿಧಿಸಿ ದೇಶೀ ತಯಾರಿಕೆಗೆ ಒತ್ತು ನೀಡಿತು. ಆ ಎಚ್ಚರ ಸರಿಯೇ. ಆದರೂ ಅಗ್ಗದ ಫಲಕದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ.

ವಾಹನಗಳ ಕಥೆಯೂ ಹೀಗೆಯೇ. 2024ರಲ್ಲಿ ಚೀನಾದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯುತ್ ಚಾಲಿತ ಅಥವಾ ಹೈಬ್ರಿಡ್. ಇದರಿಂದ ಅಲ್ಲಿ ಪೆಟ್ರೋಲ್ ಬೇಡಿಕೆಯ ಬೆಳವಣಿಗೆಗೆ ತಡೆ ಬಿದ್ದಿದೆ. ವಿದೇಶಗಳಲ್ಲಿ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದಿಲ್ಲ ಎಂದು ಷಿ ಜಿನ್‌ಪಿಂಗ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ್ದೂ ಉಲ್ಲೇಖಾರ್ಹ. ಅದಕ್ಕೆ ಮೊದಲು ಚೀನೀ ಹಣದಿಂದ ಹಲವು ಏಷ್ಯನ್ ದೇಶಗಳಲ್ಲಿ ಎದ್ದ ಸ್ಥಾವರಗಳು ಮಾತ್ರ ಇನ್ನೂ ಉರಿಯುತ್ತಿವೆ.

ಗುರಿಯ ಗಾತ್ರ, ಹೊಣೆಯ ತೂಕ

2025ರ ಸೆಪ್ಟೆಂಬರ್‌ನಲ್ಲಿ ಚೀನಾ 2035ರ ಗುರಿಯನ್ನು ಪ್ರಕಟಿಸಿತು. ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ಗರಿಷ್ಠ ಮಟ್ಟದಿಂದ ಶೇ. 7ರಿಂದ 10ರಷ್ಟು ಇಳಿಸುವುದು, ಪವನ ಮತ್ತು ಸೌರ ಸಾಮರ್ಥ್ಯವನ್ನು 36 ಲಕ್ಷ ಮೆಗಾವಾಟ್‌ಗೆ ಏರಿಸುವುದು ಅದರ ಸಾರ. ಒಟ್ಟು ಹೊರಸೂಸುವಿಕೆಯನ್ನು ಇಂತಿಷ್ಟು ಇಳಿಸುತ್ತೇವೆ ಎಂದು ಚೀನಾ ಹೇಳಿದ್ದು ಇದೇ ಮೊದಲು. ಆದರೆ ಶೇ. 7ರಿಂದ 10 ಎಂಬುದು ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ಮಿತಗೊಳಿಸಲು ಬೇಕಾದ ಇಳಿಕೆಗಿಂತ ತೀರಾ ಕಡಿಮೆ ಎಂಬ ಟೀಕೆ ಕೂಡಲೇ ಕೇಳಿಬಂತು. ಮೇಲಾಗಿ ಗರಿಷ್ಠ ಮಟ್ಟ ಎಷ್ಟು, ಯಾವ ವರ್ಷದ್ದು ಎಂಬುದನ್ನೇ ಚೀನಾ ಹೇಳಿಲ್ಲ. ಎಷ್ಟು ಎತ್ತರದಿಂದ ಇಳಿಯುತ್ತೇವೆಂದು ಹೇಳದೆ ಎಷ್ಟು ಮೆಟ್ಟಿಲು ಇಳಿಯುತ್ತೇವೆಂದು ಹೇಳಿದರೆ ಕೇಳುವವನಿಗೆ ನಿಂತ ನೆಲ ತಿಳಿಯುವುದಿಲ್ಲ.

ಚೀನಾದ ಪರವಾದ ವಾದವನ್ನೂ ಆಲಿಸಬೇಕು. ಇಂದಿನ ಜಾಗತಿಕ ಹೊರಸೂಸುವಿಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರದ್ದಾದರೂ, ಕೈಗಾರಿಕಾ ಕ್ರಾಂತಿಯಿಂದ ಇಂದಿನವರೆಗಿನ ಮೊತ್ತದಲ್ಲಿ ಅಮೆರಿಕದ ಪಾಲೇ ಹೆಚ್ಚು. ತಲಾವಾರು ಲೆಕ್ಕದಲ್ಲಿ ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಾರಣನಾದರೆ ಚೀನಾದವನ ಪಾಲು 8ರಿಂದ 9 ಟನ್, ಭಾರತೀಯನದು ಸುಮಾರು 2 ಟನ್. ಆದರೆ ತಾನಿನ್ನೂ ಬಡ ದೇಶ ಎಂಬ ನೆಪದ ಬಲ ಚೀನಾದ ವಿಷಯದಲ್ಲಿ ವರ್ಷದಿಂದ ವರ್ಷಕ್ಕೆ ಕುಂದುತ್ತಿದೆ. ಅದರ ತಲಾವಾರು ಹೊರಸೂಸುವಿಕೆ ಯುರೋಪ್ ಒಕ್ಕೂಟದ ಸರಾಸರಿಯನ್ನು ಈಗಾಗಲೇ ಮೀರಿದೆ.

ಕೊನೆಗೂ ಉತ್ತರವೇನು?

ಚೀನಾದ ಹಸಿರು ಇಂಧನದಿಂದ ಹವಾಮಾನಕ್ಕೆ ಲಾಭವಾಗಿದೆಯೇ ಎಂದರೆ, ಹೌದು. ಅದಿಲ್ಲದಿದ್ದರೆ ಇಂದಿನ ಹೊಗೆ ಇನ್ನೂ ದಟ್ಟವಾಗಿರುತ್ತಿತ್ತು, ಬಡ ದೇಶಗಳಿಗೆ ಕಲ್ಲಿದ್ದಲು ಬಿಟ್ಟರೆ ಗತಿಯಿರುತ್ತಿರಲಿಲ್ಲ. ಆ ಲಾಭ ಸಾಕಷ್ಟಾಗಿದೆಯೇ ಎಂದರೆ, ಇಲ್ಲ. ಇಷ್ಟು ವರ್ಷ ಅದು ಕಲ್ಲಿದ್ದಲಿನ ಪಕ್ಕದಲ್ಲಿ ಬೆಳೆಯಿತೇ ಹೊರತು ಕಲ್ಲಿದ್ದಲಿನ ಜಾಗದಲ್ಲಿ ಬೆಳೆಯಲಿಲ್ಲ. 2025ರಲ್ಲಿ ಮೊದಲ ಬಾರಿಗೆ ಆ ಜಾಗಕ್ಕೆ ಅದು ಕಾಲಿಟ್ಟಿತು. ಅದು ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಮುಂದಿನ ಕೆಲವು ವರ್ಷಗಳು ನಿರ್ಧರಿಸಲಿವೆ.

ಹಾಗಾಗಿ ಇನ್ನು ಮುಂದೆ ಚೀನಾದಿಂದ ದಾಖಲೆಯ ಸುದ್ದಿ ಬಂದಾಗ ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರು. ಆ ವರ್ಷ ಕಲ್ಲಿದ್ದಲಿನಿಂದ ಬಂದ ವಿದ್ಯುತ್ ಎಷ್ಟು ಯೂನಿಟ್ ಇಳಿಯಿತು? ಆಪತ್ತಿಗೆಂದು ಕಟ್ಟಿದ ಸ್ಥಾವರಗಳು ವರ್ಷದಲ್ಲಿ ಎಷ್ಟು ಗಂಟೆ ಉರಿದವು? ಹಳೆಯ ಸ್ಥಾವರಗಳಲ್ಲಿ ಎಷ್ಟಕ್ಕೆ ಬೀಗ ಬಿತ್ತು? ಈ ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕ ವರ್ಷ ಕುಬುಚಿಯ ಕುದುರೆ ಗುರಿಯತ್ತ ಓಡುತ್ತಿದೆಯೆಂದು ನಂಬಬಹುದು. ಅಲ್ಲಿಯವರೆಗೆ ಫಲಕಗಳ ಎಣಿಕೆಯನ್ನು ಮೆಚ್ಚಿಕೊಳ್ಳುತ್ತಲೇ ಓರ್ಡೋಸ್‌ನ ಗಣಿಗಳ ಮೇಲೂ ಒಂದು ಕಣ್ಣಿಟ್ಟಿರುವುದು ಒಳಿತು.